ಗೋಡೆಯ ಮೇಲಿನ ಆಮೆ

ಹುಟ್ಟಾ ಪುಕ್ಕಲನಿಗೆ ಹೆದರಲು ವಸ್ತುಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಪೊಲೀಸ್ ಜೀಪು, ಗುರುತಿಲ್ಲದ ನಂಬರಿನ ಫೋನು, ಹೆಂಡತಿ ನಾಗವೇಣಿಯ ಮೌನ, ಇಷ್ಟರಲ್ಲೇ ನಾನು ಸುಖವಾಗಿ ಹೆದರಿಕೊಂಡಿದ್ದೆ. ಹೊನ್ನಾವರದ ಸಿಗಡಿ ಕಾರ್ಖಾನೆಯ ಕೆಲಸ ನನ್ನನ್ನು ಹೊರದೇಶಗಳಿಗೂ ಹೆದರುವವನನ್ನಾಗಿ ಮಾಡಿತು. ಸಿಗಡಿ ಸುಲಿದು, ಹೆಪ್ಪುಗಟ್ಟಿಸಿ ಹಡಗಿಗೆ ಹಾಕುವುದು ಕಂಪನಿಯ ಕೆಲಸ. ಅದರ ಕಾಗದಪತ್ರ ನೋಡುವುದು ನನ್ನ ಕೆಲಸ. ಯಾವ ದೇಶ ಯಾರ ಮೇಲೆ ನಿರ್ಬಂಧ ಹಾಕಿತು, ಯಾರು ಸುಂಕ ಏರಿಸಿದರು ಎಂದು ಹಲ್ಲುಜ್ಜುವ ಮೊದಲೇ ಮೊಬೈಲಿನಲ್ಲಿ ನೋಡುತ್ತೇನೆ. ನನ್ನ ಮುಖ ನೋಡಿದ ನಾಗವೇಣಿ, "ಇವತ್ತು ಎಂತ ಬಂದ್ ಮಾಡಿದ್ರು ಅವರು?" ಎಂದು ಕೇಳಿ ದೋಸೆ ಹೊಯ್ಯಲು ಹೋಗುತ್ತಾಳೆ. ಅವಳ ಧೈರ್ಯ ನನಗೆ ಯಾವತ್ತೂ ಅರ್ಥವಾಗಿಲ್ಲ.

ಇವೆಲ್ಲದರಲ್ಲಿ ನನ್ನ ನಿದ್ದೆ ಕೆಡಿಸಿದ್ದು ಆಮೆಯ ಕಾನೂನು. ಸಿಗಡಿ ಬಲೆಯಲ್ಲಿ ಕಡಲಾಮೆಗಳು ಸಿಕ್ಕಿ ಸಾಯುತ್ತವೆ. ಆದ್ದರಿಂದ ಬಲೆಯಲ್ಲಿ ಆಮೆ ಹೊರಗೆ ಹೋಗಲು ಒಂದು ಕಿಂಡಿ ಇರಬೇಕು, ಇಲ್ಲದ ದೋಣಿಯ ಸಿಗಡಿ ನಮಗೆ ಬೇಡ ಎಂದು ಕೊಳ್ಳುವ ದೇಶದವರ ಹಟ. ಹಟ ನ್ಯಾಯವಾದದ್ದೇ, ನಾನು ಇಲ್ಲವೆನ್ನುವುದಿಲ್ಲ. ನಮಗೆ ಸಿಗಡಿ ಕೊಡುವ ದೋಣಿಗಳಲ್ಲಿ ತೆಂಗಿನಗುಂಡಿಯ ಮಂಜಪ್ಪ ಭಾವನದೂ ಒಂದು. ಭಾವ ಎಂದರೆ ನಾಗವೇಣಿಯ ಅಣ್ಣ. ಅವನನ್ನು ಕಂಪನಿಗೆ ಸೇರಿಸಿದವನು ನಾನೇ. ದೋಣಿಗಳನ್ನು ಪರೀಕ್ಷಿಸಲು ಕೊಚ್ಚಿಯಿಂದ ಒಬ್ಬರು ಮೇಡಂ ಬರುತ್ತಾರೆ ಎಂಬ ಸುದ್ದಿ ಬಂದ ದಿನ ಮಾಲೀಕರು ನನ್ನನ್ನು ಕರೆದು, "ಒಂದು ದೋಣೀಲಿ ಆಮೆ ಸುಳಿವು ಸಿಕ್ಕಿದ್ರೂ ಇಡೀ ಮಾಲು ವಾಪಸ್ ಬರ್ತದೆ. ಮಾಲಿನ ಹಿಂದೆ ನೀವೂ ಮನೆಗೆ ಹೋಗ್ಬಹುದು" ಎಂದರು. ನಗುತ್ತಲೇ ಹೇಳಿದರು. ನಗುತ್ತ ಹೇಳಿದ್ದಕ್ಕೆ ನನಗೆ ಇನ್ನೂ ಹೆದರಿಕೆಯಾಯಿತು.

ಭಾವನ ಬಲೆಗೆ ಕಿಂಡಿ ಕೂಡಿಸಿಯಾಗಿತ್ತು. ತೊಂದರೆಯಿದ್ದದ್ದು ಅವನ ಮನೆಯ ಗೋಡೆಯ ಮೇಲೆ. ನಮ್ಮ ಕಡೆ ಕಡಲಾಮೆಯೆಂದರೆ ದೇವರು. ಬಲೆಗೆ ಬಂದರೆ ಕುಂಕುಮ ಹಚ್ಚಿ, ಕಾಯಿ ಒಡೆದು, ತಪ್ಪಾಯಿತು ಎಂದು ಕೈಮುಗಿದು ಕಡಲಿಗೆ ಬಿಡುತ್ತಾರೆ. ಕಿಂಡಿ ಬರುವ ಮೊದಲು ಒಮ್ಮೆ ಭಾವನ ಬಲೆಗೆ ಅಂಥದೊಂದು ಬಂದಿತ್ತು. ಹೊಸ ಬಲೆಯನ್ನೇ ಕೊಯ್ದು ಅದನ್ನು ಬಿಡಿಸಿ, ಪೂಜೆ ಮಾಡಿ ಬಿಟ್ಟಿದ್ದ. ದೋಣಿಯಲ್ಲಿ ಯಾರೋ ತೆಗೆದ ಫೋಟೋ ಈಗ ಅವನ ಜಗಲಿಯಲ್ಲಿ, ದೇವರ ಪಟಗಳ ಸಾಲಿನಲ್ಲಿದೆ: ನಡುವೆ ಕುಂಕುಮ ಮೆತ್ತಿಕೊಂಡ ಆಮೆ, ಪಕ್ಕದಲ್ಲಿ ಕೈಮುಗಿದ ಭಾವ. ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಗೃಹಪ್ರವೇಶಕ್ಕೆ ಉಡುಗೊರೆ ಕೊಟ್ಟ ಬುದ್ಧಿವಂತ ಯಾರೆಂದು ನೀವು ಕೇಳಬಾರದು.

"ಭಾವ, ಆ ಫೋಟೋ ಒಂದು ದಿನದ ಮಟ್ಟಿಗೆ ಇಳಿಸುವಾ" ಎಂದೆ.

"ಎಂತಕ್ಕೆ? ದೇವರನ್ನ ಯಾರಾದ್ರೂ ಗೋಡೆಯಿಂದ ಇಳಿಸ್ತ್ರಾ? ನೋಡ್ಲಿ ಮಾರಾಯಾ. ನಾವೆಂತ ಕದ್ದಿದ್ವಾ?"

ದೇವರಿಗೆ ಅದು ಪೂಜೆ, ಕಾನೂನಿಗೆ ಅದೇ ಸಾಕ್ಷಿ ಎಂಬುದನ್ನು ಅವನಿಗೆ ತಿಳಿಸಿ ಹೇಳಲು ನನ್ನಿಂದಾಗಲಿಲ್ಲ. ಆ ವಾರವಿಡೀ ಬೋರಲು ಹಾಕಿದ ಪಾತ್ರೆ ಕಂಡರೂ ನನ್ನ ಎದೆ ಝಲ್ಲೆನ್ನುತ್ತಿತ್ತು. ಕಡೆಗೆ ಮೇಡಂ ಬರುವ ದಿನ, ಭಾವ ದೋಣಿ ನಿಲ್ಲಿಸುವ ದಕ್ಕೆಗೆ ಹೋದ ಹೊತ್ತು ನೋಡಿ, ಅತ್ತಿಗೆ ಹಿತ್ತಲಿನಲ್ಲಿದ್ದಾಗ ನಾನೇ ಜಗಲಿಗೆ ಹೋಗಿ ಪಟ ಇಳಿಸಿದೆ; ನನ್ನ ಕಾಗದಪತ್ರದ ಚೀಲಕ್ಕೆ ತುರುಕಿದೆ. ಅತ್ತಿಗೆ ಆಗಷ್ಟೇ ಹಾಕಿದ್ದ ಅಬ್ಬಲಿಗೆ ಮಾಲೆ ಕೈಯಲ್ಲೇ ಉಳಿಯಿತು. ದೇವರಿಗೆ ಏರಿಸಿದ ಹೂವು, ನೆಲಕ್ಕೆ ಹಾಕಬಾರದು. ಭಕ್ತಿಯಿಂದ ಅದನ್ನು ಅದೇ ಮೊಳೆಗೆ ನೇತುಹಾಕಿ ಬಂದೆ.

ದಕ್ಕೆಯಲ್ಲಿ ಮೇಡಂ ಬಲೆ ಬಿಚ್ಚಿಸಿ, ಕಿಂಡಿಯೊಳಗೆ ಕೈ ಹಾಕಿ, ಅಳತೆ ಮಾಡಿ ಸರಿಯಾಗಿದೆ ಎಂದರು. ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಹೇಳುತ್ತ, ಅವರನ್ನು ಮೆಲ್ಲಗೆ ಕಾರಿನ ಕಡೆ ಸಾಗಿಸುತ್ತಿದ್ದೆ. ಅಷ್ಟರಲ್ಲಿ ಭಾವ ಅಡ್ಡ ನಿಂತ. "ಇಲ್ಲಿವರೆಗೆ ಬಂದು ಮನೇಲಿ ಚಾ ಕುಡೀದೆ ಹೋಗೂದುಂಟಾ? ಹೇಳು ಅವರಿಗೆ." ಅವರಿಗೆ ಸಮಯವಿಲ್ಲವಂತೆ ಎಂದೆ. ಚಾ ಎಂಬ ಮಾತು ಮೇಡಂ ಅವರಿಗೆ ನಾನಿಲ್ಲದೆಯೇ ತಿಳಿದಿತ್ತು.

ಜಗಲಿಯಲ್ಲಿ ಕೂತವರೇ ಅವರು ಗೋಡೆ ನೋಡಿದರು. ಬಣ್ಣ ಮಾಸಿದ ಗೋಡೆಯಲ್ಲಿ ಒಂದು ಚೌಕ ಮಾತ್ರ ಹೊಸದಾಗಿತ್ತು. ಅದರ ಮೇಲೆ ತಾಜಾ ಮಾಲೆ ತೂಗುತ್ತಿತ್ತು. "ಇಲ್ಲಿ ಏನಿತ್ತು?" ಎಂದು ನನ್ನನ್ನು ಕೇಳಿದರು. ನಾನು ಚೀಲವನ್ನು ಕಾಲಿನ ಹಿಂದೆ ಸರಿಸಿದೆ. ಅವರು ತೋರಿಸಿದ ಕಡೆ ತಿರುಗಿದ ಭಾವ, "ಹೋ, ನಮ್ಮ ದೇವರೆಲ್ಲಿ ಹೋತು?" ಎಂದು ಎದ್ದ. ಅಡುಗೆಮನೆಯಿಂದ ಬಂದ ಅತ್ತಿಗೆ ನನ್ನ ಚೀಲವನ್ನೇ ನೋಡುತ್ತ, "ಆ ಚೀಲದಿಂದ ಪಟದ ಕಟ್ಟಿನ ಮೂಲೆ ಕಾಣ್ತದಲೆ" ಎಂದಳು.

ಮೇಡಂ ಪಟವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಭಾವ ಪಕ್ಕದಲ್ಲಿ ನಿಂತು, ಹೆಮ್ಮೆಯಿಂದ, ಆಮೆ ಬಂದದ್ದು, ಬಲೆ ಕೊಯ್ದದ್ದು, ಕಾಯಿ ಒಡೆದದ್ದು ಎಲ್ಲ ಹೇಳಿದ. "ಆಗ ಕಿಂಡಿ ಇರ್ಲಿಲ್ಲ. ಈಗ ದೇವರು ಬಂದ ದಾರೀಲೇ ಹೋಗ್ತದೆ. ಜೊತೆಗೆ ನಾಲ್ಕು ಶೆಟ್ಲಿ ಹೋದ್ರೆ ಹೋಗ್ಲಿ" ಎಂದ. ನಾನು ಶೆಟ್ಲಿಯೆಂದರೆ ಸಿಗಡಿ ಎಂಬುದನ್ನೂ ಸೇರಿಸಿ, ಒಂದಕ್ಷರ ಬಿಡದೆ ಇಂಗ್ಲಿಷಿಗೆ ಹೇಳಿದೆ. ಸುಳ್ಳು ಹೇಳಲು ಬೇಕಾದ ಧೈರ್ಯವೂ ಮುಗಿದಿತ್ತು. ಅವರು ಫೋಟೋದ ಅಂಚಿನಲ್ಲಿ ಕಾಣುತ್ತಿದ್ದ ಕೊಯ್ದ ಬಲೆಯ ಮೇಲೆ ಬೆರಳಿಟ್ಟರು. ಆಮೇಲೆ ತಲೆಯೆತ್ತಿ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿದರು.

"ಎಂತ ಕೇಳ್ತ್ರು?" ಎಂದ ಭಾವ.

"ಇವರು ಮುಚ್ಚಿಡಲಿಲ್ಲ, ನೀನು ಯಾಕೆ ಮುಚ್ಚಿಟ್ಟೆ ಅಂತ" ಎಂದು ನಾನೇ ಕನ್ನಡದಲ್ಲಿ ಹೇಳಿದೆ. ಉತ್ತರಕ್ಕಾಗಿ ಇಬ್ಬರೂ ನನ್ನ ಮುಖ ನೋಡಿದರು.

ವರದಿ ಬಂತು. ಮಂಜಪ್ಪನ ದೋಣಿ ಸರಿ, ಬಲೆ ಸರಿ, ಫೋಟೋ ಹಳೆಯದು, ಮಾಲು ಹೋಗಬಹುದು. ಕಡಲು, ದೋಣಿ, ದಕ್ಕೆ ಎಲ್ಲ ಜಾಲಾಡಿದ ಮೇಲೆ ಅವರಿಗೆ ಸಿಕ್ಕ ದೋಷ ಒಂದೇ: ಕಂಪನಿಯ ಕಾಗದಪತ್ರ ನೋಡುವವನು ನಂಬಿಕೆಗೆ ಯೋಗ್ಯನಲ್ಲ, ಅವನ ಮೇಲೆ ಕಣ್ಣಿಡಬೇಕು. ಮಾಲೀಕರು ಕೆಲಸದಿಂದ ತೆಗೆಯಲಿಲ್ಲ. ನನ್ನ ಮೇಜನ್ನು ತಮ್ಮ ಕೋಣೆಯ ಗಾಜಿನೆದುರಿಗೆ ಎಳೆಸಿದರು, ಅಷ್ಟೇ. ಈಗ ನಾನು ಕೆಮ್ಮಿದರೂ ಅವರಿಗೆ ಕಾಣುತ್ತದೆ.

ಭಾವನಿಗೆ ಸಿಟ್ಟಿಲ್ಲ. ಮೊನ್ನೆ ಊಟಕ್ಕೆ ಬಂದವನು ನನ್ನ ಬೆನ್ನು ತಟ್ಟಿ, "ಹೆದರಬೇಡ ಮಾರಾಯಾ. ಆಮೆಗೆ ಹೊರಗೆ ಹೋಗೂಕೆ ಕಿಂಡಿ ಇಟ್ರು, ನಿಂಗೊಂದು ಇಡೂಕೆ ಮರೆತ್ರು" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಲೇ, ಮುಂದಿನ ಪರೀಕ್ಷೆಗೂ ಅದೇ ಮೇಡಂ ಬರುತ್ತಾರಾ ಎಂದು ಮೆಲ್ಲಗೆ ಕೇಳಿದೆ.

"ಅವರೇ ಬರೂದು" ಎಂದ ಭಾವ. "ಆದ್ರೆ ದೋಣಿ ನೋಡೂಕಲ್ಲ. ನಿನ್ನ ನೋಡೂಕೆ."