ಮೂರೋ ಎರಡೋ ಎಂದು ಹೆಂಡತಿ ಕೇಳಿದಾಗ

ಈ ಬರಹದಲ್ಲಿ ದೋಷಗಳು ಕಂಡರೆ ಓದುಗರು ಮನ್ನಿಸಬೇಕು. ವಿನಯಕ್ಕಾಗಿ ಆಡುತ್ತಿರುವ ಮಾತಲ್ಲ. ಹನ್ನೆರಡು ವರ್ಷಗಳಿಂದ ಕಂಪ್ಯೂಟರ್ ಪ್ರೋಗ್ರಾಂಗಳನ್ನೇ ನಂಬಿ ಊಟ ಮಾಡುತ್ತಿರುವ ನಾನು ಆ ವಿದ್ಯೆಯ ಮೊದಲ ಪಾಠದಲ್ಲಿಯೇ ತಪ್ಪಿದ ಸಂಗತಿ ಇದು. ಅದನ್ನು ಹೇಳುವಾಗಲೂ ಎಲ್ಲಾದರೂ ತಪ್ಪುವ ಸಂಭವವಿದೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಹಾವೇರಿ ಕಡೆಯ ನಮ್ಮ ಮನೆಯಲ್ಲಿ ಬ್ಯಾಂಕಿನ ಅರ್ಜಿ, ನ್ಯಾಯಾಲಯದ ನೋಟಿಸು, ಎಮ್ಮೆಗೆ ಬರೆದುಕೊಟ್ಟ ಔಷಧಿಯ ಚೀಟಿ ಎಲ್ಲವೂ ನನ್ನ ಮುಂದೆಯೇ ಬರುತ್ತಿದ್ದವು. ‘ಗೊತ್ತಿಲ್ಲ’ ಎಂದರೆ ಅಪ್ಪ, "ಮತ್ತ ಕಾಲೇಜಿನ್ಯಾಗ ಏನ್ ಕಲಿಸಿದ್ರೋ ನಿನಗ?" ಎಂದು ಕೇಳುತ್ತಿದ್ದರು. ಸಿಟ್ಟಿನಿಂದಲ್ಲ, ಕಳವಳದಿಂದ. ಆ ಕಳವಳವನ್ನು ನೋಡಲಾರದೆ ನಾನು ಆ ಪದವನ್ನೇ ಬಿಟ್ಟುಬಿಟ್ಟೆ. ಎಮ್ಮೆ ಬದುಕಿತೆಂಬುದನ್ನು ಇಲ್ಲಿಯೇ ದಾಖಲಿಸುತ್ತೇನೆ.

ಈಗ ನಾವಿರುವುದು ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನಲ್ಲಿ. ನನ್ನ ಹೆಂಡತಿ ನೀಲಾ ಕ್ರ್ಯಾನ್‌ಬರಿಯ ಒಂದು ವೇರ್‌ಹೌಸಿನಲ್ಲಿ ದಿನವಿಡೀ ನಿಂತು ಪೆಟ್ಟಿಗೆಗಳನ್ನು ಸ್ಕ್ಯಾನ್ ಮಾಡುತ್ತಿದ್ದಳು. ಸಂಜೆ ಮನೆಗೆ ಬಂದು ಮೊಣಕಾಲಿನ ಪಟ್ಟಿ ಬಿಚ್ಚುವಾಗ ನೋವಿಗೆ ಅವಳು ಮಾಡುವ ಸದ್ದನ್ನು ನಾನೂ ಮಗಳೂ ಕೇಳಿಸಿಕೊಳ್ಳದಂತೆ ನಟಿಸುತ್ತಿದ್ದೆವು. ಅದೇ ವೇರ್‌ಹೌಸಿನ ಮಹಡಿಯ ಮೇಲೆ ದಾಸ್ತಾನಿನ ಪ್ರೋಗ್ರಾಂಗಳನ್ನು ನೋಡಿಕೊಳ್ಳುವ ಕಚೇರಿಯಿದೆ. ಕೆಳಗಿನವರು ಪರೀಕ್ಷೆ ಬರೆದು ತೇರ್ಗಡೆಯಾದರೆ ಅಲ್ಲಿ ಕುರ್ಚಿ ಸಿಗುತ್ತದೆ. ಆ ಕುರ್ಚಿಗಾಗಿ ನೀಲಾ ಲೈಬ್ರರಿಯ ಉಚಿತ ತರಗತಿಯಲ್ಲಿ ಪ್ರೋಗ್ರಾಮಿಂಗ್ ಕಲಿಯತೊಡಗಿದಳು. ನಾನು ಬಲ್ಲ ಭಾಷೆಯಾದರೋ ಬೇರೆ ಬಗೆಯದು. ಅದರಲ್ಲಿ ಏನು ಬೇಕೆಂದು ಹೇಳಿದರೆ ಸಾಕು. ಹೇಗೆ ತರಬೇಕೆಂಬುದು ಯಂತ್ರದ ತಲೆನೋವು. ಮನೆಯಲ್ಲಿಯೂ ನಾನು ‘ಚಹಾ’ ಎಂದಷ್ಟೇ ಘೋಷಿಸಿ ಕುಳಿತಿರುತ್ತಿದ್ದೆನಾದ್ದರಿಂದ ಆ ಭಾಷೆ ನನಗೆ ಬೇಗ ಒಗ್ಗಿತ್ತು. ನೀಲಾ ಕಲಿಯುತ್ತಿದ್ದುದು ಮೊದಲು ನೀರಿಡು, ಆಮೇಲೆ ಪುಡಿ ಹಾಕು ಎಂದು ಹಂತಹಂತವಾಗಿ ಆಜ್ಞೆ ಕೊಡುವ ಭಾಷೆ. ಅದನ್ನು ನಾನು ಯಾವತ್ತೂ ಸರಿಯಾಗಿ ಕಲಿತಿರಲಿಲ್ಲ. ಈ ಸಂಗತಿಯನ್ನು ಅವಳಿಗೆ ಹೇಳಿಯೂ ಇರಲಿಲ್ಲ.

ಪರೀಕ್ಷೆ ಬುಧವಾರವಿತ್ತು. ಭಾನುವಾರ ಮಧ್ಯಾಹ್ನ ಅವಳು ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು ಕೇಳಿದಳು: "ಅಲ್ರೀ, ಮೂರು ಪೆಟಿಗಿ ಇರೋ ಒಂದು ಪಟ್ಟೀನ ಫಂಕ್ಷನ್ನಿಗೆ ಕೊಟ್ಟೆ ಅಂತ ಇಟ್ಕೋರಿ. ಅದು ಒಳಗ ಒಂದನ್ನ ತಗದ ಹಾಕತೈತಿ. ಆಮ್ಯಾಲ ಹೊರಗ ನನ್ನ ಪಟ್ಟಿಯೊಳಗ ಮೂರು ಉಳೀತಾವೋ, ಎರಡೋ?"

ಫಂಕ್ಷನ್ ಎಂದರೆ ಕೊಟ್ಟದ್ದನ್ನು ತೆಗೆದುಕೊಂಡು ಗೊತ್ತುಮಾಡಿದ ಒಂದು ಕೆಲಸವನ್ನು ಮಾಡಿಕೊಡುವ ಪ್ರೋಗ್ರಾಮಿನ ತುಣುಕು. ಅಷ್ಟು ನನಗೆ ತಿಳಿದಿತ್ತು. ಉಳಿದದ್ದಕ್ಕೆ ನಾನು ಅರ್ಜಿ ಬರೆದ ಅನುಭವವನ್ನೇ ನೆಚ್ಚಿಕೊಂಡೆ. ಯಾವ ಕಚೇರಿಗೂ ಮೂಲ ಅಂಕಪಟ್ಟಿಯನ್ನು ಕೊಡಬಾರದು, ಜೆರಾಕ್ಸ್ ಪ್ರತಿಯನ್ನಷ್ಟೇ ಕೊಡಬೇಕು ಎಂದು ನಾನು ಊರಿನ ಎಷ್ಟು ಜನರಿಗೆ ಬುದ್ಧಿ ಹೇಳಿರಲಿಲ್ಲ?

"ಮೂರು," ಎಂದೆ. "ಒಳಗ ಹೋಗೋದು ಬರೇ ನಕಲು. ಒರಿಜಿನಲ್ ನಿನ್ನ ಹತ್ರನ ಇರತೈತಿ."

ಅವಳು ಟೈಪ್ ಮಾಡಿ ಓಡಿಸಿ ನೋಡಿದಳು. "ಇಲ್ಲಿ ಎರಡು ಅಂತ ತೋರಸಾಕತ್ತೈತಲ್ರೀ?"

ಇಲ್ಲಿ ನಾನು ನಿಲ್ಲಬಹುದಿತ್ತು. "ಲ್ಯಾಪ್‌ಟಾಪ್ ಹಳೇದು ಅದು. ಪರೀಕ್ಷಾದಾಗ ಹೊಸ ವರ್ಷನ್ ಇರತೈತಿ," ಎಂದೆ.

ಹತ್ತು ವರ್ಷದ ಮಗಳು ಮೇಘಾ ಪುಸ್ತಕದಿಂದ ತಲೆಯೆತ್ತದೆಯೇ, "ಡ್ಯಾಡ್, ಓಲ್ಡ್ ಕಂಪ್ಯೂಟರ್ಸ್ ಕ್ಯಾನ್ ಸ್ಟಿಲ್ ಕೌಂಟ್ ಟು ಥ್ರೀ," ಎಂದಳು.

"ಸುಮ್ನಿರ ನೀ," ಎಂದು ನೀಲಾ ಅವಳನ್ನು ಗದರಿದಳು. "ನಿಮ್ಮಪ್ಪ ಹನ್ನೆರಡು ವರ್ಷ ಇದನ್ನ ಮಾಡ್ಯಾರ." ಹಾಗೆಂದು ನಾನು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಳು.

ಸೋಮವಾರ ಕಚೇರಿಯ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಹುಡುಕಿದೆ. ಕೆಲವು ಭಾಷೆಗಳು ನಕಲನ್ನು ಕಳುಹಿಸುತ್ತವೆಯಂತೆ. ನೀಲಾ ಕಲಿಯುತ್ತಿದ್ದ ಭಾಷೆಯಲ್ಲಿ ಫಂಕ್ಷನ್ನಿನ ಕೈಗೆ ಸಿಗುವುದು ಅದೇ ಮೂಲ ಪಟ್ಟಿಯಂತೆ. ಅಲ್ಲಿ ತೆಗೆದದ್ದು ಇಲ್ಲಿಯೂ ಹೋಗುತ್ತದೆ. ಎರಡೇ ಸರಿ. ಅಂದು ಸಂಜೆ ಹೇಳಬೇಕೆಂದುಕೊಂಡೆ. ಅವಳು ಸಂತೋಷವಾಗಿ ಓದುತ್ತಿದ್ದಳು. ಮಂಗಳವಾರ ಹೇಳಬೇಕೆಂದುಕೊಂಡೆ, ಪರೀಕ್ಷೆಯ ಹಿಂದಿನ ದಿನ ಗಲಿಬಿಲಿ ಮಾಡಬಾರದೆಂದು ನನಗೆ ನಾನೇ ಉಪದೇಶಿಸಿಕೊಂಡೆ. ಬುಧವಾರ ಬೆಳಿಗ್ಗೆ ಅವಳನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದಾಗ ಅವಳೇ ಕೇಳಿದಳು: "ಪಟ್ಟಿ ಕೊಟ್ರ ನಕಲು ಹೋಗತೈತಿ, ಹೌದಲ್ರೀ?"

"ರೂಟ್ ಒನ್ ಹೈವೇ ದಾಟಾಕ ಭಾಳ ಹೊತ್ತಾತು ಇವತ್ತ," ಎಂದೆ ನಾನು.

ಶುಕ್ರವಾರ ಫಲಿತಾಂಶ ಬಂತು. ಮೂರು ಪ್ರಶ್ನೆಗಳು ಅದೊಂದೇ ವಿಷಯದ ಮೇಲೆ ನಿಂತಿದ್ದವು, ಮೂರೂ ಹೋದವು; ತೇರ್ಗಡೆಗೆ ಅಷ್ಟೇ ಅಂಕ ಕಡಿಮೆ ಬಿದ್ದಿತ್ತು. ಇನ್ನೊಂದು ಪರೀಕ್ಷೆ ಆರು ತಿಂಗಳ ಬಳಿಕ ಎಂದು ಸೂಪರ್‌ವೈಸರ್ ಹೇಳಿದ್ದರು. ನೀಲಾ ಸೋಫಾದ ಮೇಲೆ ಕುಳಿತು, "ನೀವು ಹೇಳಿದ್ದನ್ನ ನಾನ ತಪ್ಪು ತಿಳ್ಕೊಂಡಿರಬೇಕು," ಎಂದಳು.

ಬೈದಿದ್ದರೆ ನಾನು ತಾಳಿಕೊಳ್ಳುತ್ತಿದ್ದೆ. "ನೀ ಸರಿಯಾಗೇ ತಿಳ್ಕೊಂಡಿದ್ದಿ. ತಪ್ಪು ಹೇಳಿದಾವ ನಾನು."

"ಹೋಗ್ಲಿ ಬಿಡ್ರಿ. ನಿಮಗೂ ಗೊತ್ತಿರಲಿಲ್ಲ."

"ಸೋಮವಾರ ಗೊತ್ತಾತು."

ಅವಳು ದಿನಗಳ ಲೆಕ್ಕ ಹಾಕಿದಳು. "ಕಾರಿನ್ಯಾಗ ಕೇಳಿದ್ನಲ್ರೀ ನಾನು."

"ಹೌದು."

"ಗೊತ್ತಿಲ್ಲ ಅಂತ ಅವತ್ತ ಅಂದಿದ್ರ ನಾ ಲ್ಯಾಪ್‌ಟಾಪಿನ ಮಾತು ನಂಬತಿದ್ದೆ," ಎಂದು ಎದ್ದು ಅಡುಗೆಮನೆಗೆ ಹೋದಳು. ಕುಂಟುತ್ತಿದ್ದಳು. ಅಲ್ಲಿ ಮೊಣಕಾಲಿನ ಪಟ್ಟಿ ಬಿಚ್ಚಿದಳು. ಇಷ್ಟು ವರ್ಷ ಕೇಳಿಸದಂತೆ ನಟಿಸಿದ್ದ ಆ ಸದ್ದನ್ನು ಅಂದು ಪೂರ್ತಿ ಕೇಳಿಸಿಕೊಂಡೆ.

ಆಮೇಲಿನ ಆರು ತಿಂಗಳು ಅವಳು ಕೆಳಗೇ ನಿಂತು ಪೆಟ್ಟಿಗೆಗಳನ್ನು ಸ್ಕ್ಯಾನ್ ಮಾಡಿದಳು. ಆ ಆರು ತಿಂಗಳಿಗೆ ನಾನೇ ಕಾರಣ. ಎರಡನೆಯ ಪರೀಕ್ಷೆಗೆ ಅವಳು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳದೆ ಓದಿದಳು, ತೇರ್ಗಡೆಯಾದಳು. ಈಗ ಮಹಡಿಯ ಮೇಲೆ ಕುಳಿತು ಕೆಲಸ ಮಾಡುತ್ತಾಳೆ, ಮೇಘಾ ಶಾಲೆಯಿಂದ ಬರುವಷ್ಟರಲ್ಲಿ ಮನೆಯಲ್ಲಿರುತ್ತಾಳೆ. ಹೋಂವರ್ಕಿನ ಅನುಮಾನಗಳು ನನ್ನನ್ನು ದಾಟಿಕೊಂಡು ನೇರವಾಗಿ ತಾಯಿಯ ಬಳಿಗೆ ಹೋಗುತ್ತವೆ. ನಾನು ಹೇಳಿದ ಯಾವುದನ್ನೂ ನಮ್ಮ ಮನೆಯಲ್ಲಿ ಈಗ ಪರೀಕ್ಷಿಸದೆ ಒಪ್ಪುವುದಿಲ್ಲ. ಕಳೆದ ವಾರ ರಜೆಯ ದಿನವೂ ಈಜುಕೊಳ ತೆರೆದಿರುತ್ತದೆಂದು ನಾನು ಖಚಿತವಾಗಿ ಹೇಳಿದೆ. ಮೇಘಾ ನನ್ನೆದುರಿಗೇ ಅಲ್ಲಿಗೆ ಫೋನ್ ಮಾಡಿದಳು. ಮುಚ್ಚಿತ್ತು.