ಗುಂಡಿ ಹೊಲಿದ ನಗರಸಭೆ

ನಮ್ಮ ಬೀದಿಯ ಗುಂಡಿಯನ್ನು ಯಶಸ್ವಿಯಾಗಿ ಹೊಲಿಯಲಾಗಿದೆ ಎಂದು ನಗರಸಭೆಯ ಪ್ರಕಟಣೆ ತಿಳಿಸಿದೆ. ಬೀದಿ ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿ ನಾನು ಅದನ್ನು ದೃಢೀಕರಿಸಿದ್ದೇನೆ. ಗುಂಡಿ ಈಗಲೂ ಬಾಯಿ ತೆರೆದುಕೊಂಡೇ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅಂಥವರಿಗೆ ಆಡಳಿತದ ಪರಿಚಯ ಸಾಲದು.

ಗುಂಡಿ ಇರುವುದು ಕತ್ತರಿ ಮಾವನ ಹೊಲಿಗೆ ಅಂಗಡಿಯ ಬಾಗಿಲಿಗೆ ಸರಿಯಾಗಿ ಎದುರು. ಇಡೀ ಬೀದಿ ಅವರನ್ನು ಮಾವ ಅನ್ನುವುದರಿಂದ ಅವರ ಹೆಂಡತಿ ಎಲ್ಲರಿಗೂ ಅತ್ತೆ. ಮಾವನ ಕತ್ತರಿ ಬಟ್ಟೆಗಿಂತ ಹೆಚ್ಚಾಗಿ ದೊಡ್ಡ ಮನುಷ್ಯರ ಮೇಲೆ ಆಡುತ್ತಿತ್ತು. ಬೆಳಿಗ್ಗೆ ಪತ್ರಿಕೆಯನ್ನು ಮೇಜಿನ ಮೇಲೆ ಬಟ್ಟೆಯಂತೆ ಹರಡಿ, ಕತ್ತರಿಸಬೇಕಾದ ಸುದ್ದಿಯ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಕಸ ವಿಲೇವಾರಿ ಅಧ್ಯಯನಕ್ಕೆಂದು ನಗರಸಭೆ ಅಧ್ಯಕ್ಷರು ಕುಟುಂಬ ಸಮೇತ ವಿದೇಶಕ್ಕೆ ಹೋದಾಗ, "ಪಾಪ, ಕಸ ನೋಡೋಕೆ ಅಷ್ಟು ದೂರ ಹೋಗ್ಬೇಕಿತ್ತಾ? ಮನೇಲಿ ಕನ್ನಡಿ ಇರ್ಲಿಲ್ವಾ?" ಅಂದರು. ಹೊಸ ಸೇತುವೆ ಉದ್ಘಾಟನೆಗೆ ಮೊದಲೇ ಬಿರುಕು ಬಿಟ್ಟಾಗ, "ಭಾಷಣ ಇದೆ ಅಂತ ಗೊತ್ತಾಗಿ ಈಗ್ಲೇ ಆಕಳಿಸ್ತಿದೆ" ಅಂದರು. ಅಲ್ಲಿ ನಕ್ಕು ಹೋದರೆ ನಮಗೆ ಸಂಜೆಯವರೆಗೆ ದುಡಿಯಲು ಹುಮ್ಮಸ್ಸು ಇರುತ್ತಿತ್ತು.

ಆದರೆ ನಗಲು ಬರುವವರು ಬಟ್ಟೆ ಹೊಲಿಸುವುದಿಲ್ಲ. ಹೊಲಿಸಲು ಬರುವವರು ಬಟ್ಟೆ ಹಿಡಿದು ಗುಂಡಿಯ ಅಂಚಿನವರೆಗೆ ಬಂದು, ಒಳಗೆ ಇಣುಕಿ, ಪಕ್ಕದ ಬೀದಿಯ ದರ್ಜಿಯ ಕಡೆ ತಿರುಗುತ್ತಿದ್ದರು. ಒಂದು ದಿನ ಅತ್ತೆ ಹಳೆಯ ಹೊಲಿಗೆ ಬಿಚ್ಚುತ್ತಾ ಕೂತವರು ತಲೆ ಎತ್ತದೆ ಹೇಳಿದರು.

"ರೀ, ಇವತ್ತೂ ಒಂದು ನರಪಿಳ್ಳೆ ಒಳಗೆ ಬಂದಿಲ್ಲ. ಹಿಂಗೇ ಆದ್ರೆ ಅಂಗಡಿ ಬಾಗಿಲು ಹಾಕ್ಕೊಂಡು ಹೋಗೋದೇ. ಒಂದೋ ಗುಂಡಿ ಮುಚ್ಸಿ, ಇಲ್ಲಾ ಬಾಯಿ ಮುಚ್ಚಿ."

ಮಾವ ನಗರಸಭೆಯ ಸಹಾಯವಾಣಿಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ.

"ಅಂಗಡಿ ಮುಂದೆ ಗುಂಡಿ ಬಿದ್ದಿದೆ."

"ನಿಮ್ಮ ಕಸುಬು?"

"ದರ್ಜಿ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಸಂಬಂಧ ನಾವು ನೋಡ್ಕೋತೀವಿ."

ನಿಯಮದಂತೆ ಪ್ರತಿಯೊಂದು ದೂರನ್ನೂ ದೂರುದಾರರ ಕಸುಬಿಗೆ ಹೊಂದುವ ವಿಭಾಗಕ್ಕೆ ಕಳುಹಿಸತಕ್ಕದ್ದು. ವಿಷಯ ನೋಡಿ ಕಳುಹಿಸುವ ಹಿಂದಿನ ಪದ್ಧತಿಯಲ್ಲಿ ಸಿಬ್ಬಂದಿ ದೂರನ್ನು ಓದಬೇಕಾಗುತ್ತಿತ್ತು. ಈಗ ಆ ತೊಂದರೆ ಇಲ್ಲ. ಹಾಲು ಮಾರುವವರು ನೀರಿನ ಬಗ್ಗೆ ದೂರು ಕೊಟ್ಟರೆ ಅದನ್ನು ತಪ್ಪೊಪ್ಪಿಗೆ ಎಂದು ಸ್ವೀಕರಿಸುತ್ತಾರೆ. ದರ್ಜಿಯ ಗುಂಡಿ ಸಹಜವಾಗಿಯೇ ಸಮವಸ್ತ್ರ ವಿಭಾಗಕ್ಕೆ ಹೋಯಿತು.

ಅಲ್ಲಿನ ಮೇಲ್ವಿಚಾರಕರು ಸ್ಥಳ ಪರಿಶೀಲನೆಗೆ ಸ್ಕೂಟರಿನಲ್ಲಿ ಬಂದರು. ಬಂದ ರಭಸಕ್ಕೆ ಸ್ಕೂಟರ್ ಸಮೇತ ಗುಂಡಿಯೊಳಗೆ ಇಳಿದರು. ನಾವೆಲ್ಲ ಸೇರಿ ಮೇಲಕ್ಕೆತ್ತಿದ ಮೇಲೆ ಪ್ಯಾಂಟಿನ ಮಣ್ಣು ಕೊಡವಿಕೊಂಡು ಪೆನ್ನು ತೆಗೆದರು.

"ಗುಂಡಿ ಎಲ್ಲಿ ಬಿದ್ದಿದೆ?"

"ನೀವು ಈಗ ಎದ್ದು ಬಂದ್ರಲ್ಲ, ಅಲ್ಲೇ," ಅಂದರು ಮಾವ.

"ಅದು ಹಳ್ಳ. ಹಳ್ಳ ನಮ್ಮ ವಿಭಾಗಕ್ಕೆ ಬರಲ್ಲ. ನಾನು ಕೇಳ್ತಿರೋದು ಗುಂಡಿ. ಎರಡು ತೂತಿಂದೋ, ನಾಲ್ಕು ತೂತಿಂದೋ?"

"ಒಂದೇ ತೂತು ಸ್ವಾಮಿ. ಒಳಗೆ ಎಮ್ಮೆ ಮಲಗ್ಬಹುದು."

"ಒಂದು ತೂತು, ದೊಡ್ಡ ಸೈಜು," ಎಂದು ಅವರು ಬರೆದುಕೊಂಡರು. "ಬಿದ್ದಿದ್ದು ಕಂಡ ತಕ್ಷಣ ಎತ್ತಿಟ್ಕೋಬೇಕಿತ್ತು ನೀವು."

"ಎತ್ತೋದಲ್ಲ, ಮುಚ್ಚಬೇಕು."

"ಅಂಗಿ ಗುಂಡಿ ಮುಚ್ಚೋಕೆ ನಗರಸಭೆ ಬರ್ಬೇಕಾ? ಕಾಜಾದೊಳಗೆ ತೂರಿಸಿದ್ರೆ ಆಯ್ತು. ದರ್ಜಿಯಾಗಿ ಇಷ್ಟೂ ಗೊತ್ತಿಲ್ವಾ?"

ಮಾವ ತಿರುಗಿ ಅಂಗಡಿಯೊಳಗೆ ಹೋಗಿಬಿಟ್ಟರು. ನಾನು ಅವರನ್ನು ಹಾಗೆ ನೋಡಿದ್ದು ಅದೇ ಮೊದಲು.

ಮುಂದೆ ಪತ್ರಿಕೆಯಲ್ಲಿ ಪ್ರಕಟಣೆ ಬಂತು: "ಸಾರ್ವಜನಿಕರ ಬಹುದಿನಗಳ ಬೇಡಿಕೆಯ ಮೇರೆಗೆ ನಗರಸಭೆಯ ಎಲ್ಲ ನೌಕರರ ಅಂಗಿಗಳಿಗೆ ಹೊಸ ಗುಂಡಿಗಳನ್ನು ಹೊಲಿಸಲಾಗುವುದು. ರಸ್ತೆ ದುರಸ್ತಿಗೆಂದು ಮೀಸಲಿಟ್ಟ ಅನುದಾನವೂ ಗುಂಡಿಗೇ ಸಂಬಂಧಿಸಿದ್ದಾದ್ದರಿಂದ ಅದನ್ನು ಇದಕ್ಕೇ ಬಳಸಿಕೊಳ್ಳಲಾಗುವುದು. ಗುಂಡಿ ಬಿಚ್ಚಿಕೊಂಡು ಓಡಾಡುವ ನಾಗರಿಕರ ವಿರುದ್ಧ ಸೂಕ್ತ ಕ್ರಮ ಕೈಗೊಳ್ಳಲಾಗುವುದು." ಗುಂಡಿ ಪೂರೈಸುವ ಗುತ್ತಿಗೆ ಅಧ್ಯಕ್ಷರ ಭಾವಮೈದನಿಗೆ ಸಿಕ್ಕಿತು. ಇದರಲ್ಲಿ ಸ್ವಜನ ಪಕ್ಷಪಾತ ಹುಡುಕುವುದು ಸಣ್ಣತನ. ಅವರು ಮೊದಲಿನಿಂದಲೂ ರಸ್ತೆ ಗುತ್ತಿಗೆದಾರರು. ಊರಿಗೆ ಗುಂಡಿ ಪೂರೈಸಿದ ಅನುಭವ ಅವರಷ್ಟು ಇನ್ಯಾರಿಗೂ ಇಲ್ಲ.

ಹೊಲಿಯುವ ಕೆಲಸವನ್ನು ದೂರುದಾರರಿಗೇ ವಹಿಸಲಾಯಿತು. ಷರತ್ತು ಒಂದೇ. ನಗರಸಭೆಯ ಕೆಲಸ ಹಿಡಿದವರಿಗೆ ನಗರಸಭೆಯ ಆಡಳಿತದಲ್ಲಿ ಲೋಪ ಕಾಣತಕ್ಕದ್ದಲ್ಲ. ಕಂಡಲ್ಲಿ, ಕಣ್ಣಿನ ವೈದ್ಯರಿಂದ ಪ್ರಮಾಣಪತ್ರ ತಂದು ಒಪ್ಪಿಸತಕ್ಕದ್ದು.

ಮಾವ ಷರತ್ತು ಓದಿ ಮೇಜಿನ ಮೇಲಿಟ್ಟರು.

"ನನ್ನ ಬಾಯಿಗೆ ಹೊಲಿಗೆ ಹಾಕ್ತಿದಾರೆ ಕಣೇ."

"ಹಾಕ್ಲಿ ಬಿಡಿ," ಅಂದರು ಅತ್ತೆ. "ತುತ್ತು ಹೋಗೋಷ್ಟು ಜಾಗ ಬಿಟ್ರೆ ಸಾಕು."

ಮಾವ ನನ್ನ ಕಡೆ ತಿರುಗಿದರು. "ನೀನೇನಂತೀಯಪ್ಪಾ?"

ನಾನು ಜವಾಬ್ದಾರಿ ಸ್ಥಾನದಲ್ಲಿರುವವನು. ಬಗ್ಗಿ ನನ್ನ ಅಂಗಿಯ ಗುಂಡಿಗಳೆಲ್ಲ ಸರಿಯಾಗಿವೆಯೇ ಎಂದು ನೋಡಿಕೊಂಡೆ. ಮಾವ ಒಪ್ಪಿಕೊಂಡರು.

ಅಂಗಡಿ ಉಳಿಯಿತು. ನೌಕರರು ಗುಂಡಿಯ ಆಚೆ ದಡದಲ್ಲಿ ನಿಂತು ಅಂಗಿ ಎಸೆಯುತ್ತಾರೆ, ಮಾವ ಈಚೆ ದಡದಲ್ಲಿ ಹಿಡಿದುಕೊಳ್ಳುತ್ತಾರೆ. ಹೊಲಿದಾದ ಮೇಲೆ ಅದೇ ದಾರಿಯಲ್ಲಿ ವಾಪಸು. ಅತ್ತೆಯ ಮುಖದಲ್ಲಿ ಗೆಲುವು ಬಂತು, ಮನೆಯಲ್ಲಿ ಒಲೆ ಹೊತ್ತಿಗೆ ಸರಿಯಾಗಿ ಉರಿಯತೊಡಗಿತು.

ಹೀಗಿರುವಾಗ ಬೀದಿದೀಪಗಳ ಹಗರಣ ಹೊರಬಿತ್ತು. ಊರಿನ ಅರ್ಧ ದೀಪಗಳು ಅಧ್ಯಕ್ಷರ ತೋಟದಲ್ಲಿ ಉರಿಯುತ್ತಿದ್ದವಂತೆ. ಇಂಥ ಸುದ್ದಿ ಅಪರೂಪಕ್ಕೆ ಸಿಗುವಂಥದ್ದು. ಹಾಲಿನವರು, ಕ್ಷೌರದವರು, ನಾನು, ಎಲ್ಲರೂ ಗುಂಡಿ ಸುತ್ತಿ ಬಳಸಿ, ಗೋಡೆ ಹಿಡಿದು ಅಂಗಡಿಗೆ ನುಗ್ಗಿದೆವು. ಮಾವನ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. ನಾವು ನಗಲು ಸಿದ್ಧರಾಗಿ ನಿಂತೆವು.

"ಬೆಳಕು ಅಂದ್ರೆ ಅಧ್ಯಕ್ಷರಿಗೆ ಮೊದ್ಲಿಂದ್ಲೂ ಕಾಳಜಿ," ಅಂದರು ಮಾವ.

ಉಳಿದದ್ದಕ್ಕೆ ಕಾದೆವು. ಮಾವ ಸೂಜಿಗಳನ್ನು ಮತ್ತೆ ಬಾಯಿಗಿಟ್ಟುಕೊಂಡರು. ಅಭ್ಯಾಸ ಬಲದಿಂದ ಕ್ಷೌರದವರು ಒಬ್ಬರೇ ಸ್ವಲ್ಪ ನಕ್ಕು, ಅರ್ಧಕ್ಕೇ ನಿಲ್ಲಿಸಿದರು. ನನಗೆ ತುಂಬಾ ಬೇಸರವಾಯಿತು. ಆ ದಿನ ಸಂಜೆಯವರೆಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಮೊನ್ನೆ ಮಾವ ಹೊಲಿದ ಅಂಗಿಗಳ, ಎಸೆಯಲಾಗದಷ್ಟು ದೊಡ್ಡ ಗಂಟನ್ನು ಎದೆಗವಚಿಕೊಂಡು ಅಂಗಡಿಯಿಂದ ಹೊರಟರು. ಗಂಟಿನ ಮರೆಗೆ ಕಾಲ ಕೆಳಗಿನದು ಕಾಣಲಿಲ್ಲ. ದೊಪ್ಪೆಂದು ಸದ್ದಾಯಿತು. ನಾವು ಓಡಿ ಹೋಗಿ ಬಗ್ಗಿ ನೋಡಿದರೆ ಹರಡಿದ ಅಂಗಿಗಳ ನಡುವೆ ಮಾವ ಕೂತಿದ್ದಾರೆ, ಮೊಣಕಾಲಿನಲ್ಲಿ ರಕ್ತ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಯಿತು. ಇಷ್ಟು ಕಾಲ ನುಂಗಿಕೊಂಡದ್ದೆಲ್ಲ ಈಗ ಹೊರಗೆ ಬಂದೇ ಬರುತ್ತದೆ ಅಂದುಕೊಂಡೆ. ಅತ್ತೆಗೂ ಹಾಗೇ ಅನ್ನಿಸಿರಬೇಕು. ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮೆಲ್ಲಗೆ ಅಂದರು:

"ಒಂದು ಸಲ ಬೈದ್ಬಿಡ್ರೀ. ನಮ್ಮೋರೇ ಇರೋದು, ಪರವಾಗಿಲ್ಲ."

ಮಾವ ಮೇಲೆ ನಮ್ಮ ಮುಖಗಳನ್ನೆಲ್ಲ ಒಂದು ಸುತ್ತು ನೋಡಿದರು. ಮಣ್ಣಾದ ಅಂಗಿಯೊಂದನ್ನು ಎತ್ತಿ ಕೊಡವಿದರು.

"ಯಾರೂ ಗಾಬರಿ ಆಗ್ಬೇಡಿ," ಅಂದರು. "ನಾನು ಬಿದ್ದಿಲ್ಲ. ಬೀಳೋಕೆ ಇಲ್ಲಿ ಗುಂಡಿ ಎಲ್ಲಿದೆ?"

ಸಂಘದ ಪರವಾಗಿ ನಾನು ಹೌದೆಂದೆ. ಉಳಿದವರೂ ಹೌದೆಂದು ತಲೆಯಾಡಿಸಿದರು. ಅತ್ತೆ ಮಾತ್ರ ಸ್ವಲ್ಪ ತಡವಾಗಿ ಆಡಿಸಿದರು. ಆಮೇಲೆ ಹಾಲಿನವರು ಒಂದು ಕೈ, ಕ್ಷೌರದವರು ಒಂದು ಕೈ, ನಾನು ಅಂಗಿಯ ಕಾಲರ್ ಹಿಡಿದು ಮೇಲಕ್ಕೆಳೆದೆವು. ಎಲ್ಲರಿಗೂ ಏದುಸಿರು ಬಂತು. ಬಿದ್ದೇ ಇಲ್ಲದ ಮನುಷ್ಯ ಇಷ್ಟೊಂದು ಭಾರ ಇರುತ್ತಾನೆಂದು ನಮಗೆ ಗೊತ್ತಿರಲಿಲ್ಲ.