ಬೆಲ್ಟು ಎಡಗಡೆಗೇ ಸವೆದದ್ದು

ಈ ವರ್ಷದ ಶ್ರಾವಣದ ಮೊದಲ ಭಾನುವಾರ ಬೆಳಿಗ್ಗೆ, ತುಮಕೂರಿನಿಂದ ಕುಣಿಗಲ್‌ಗೆ ಹೊರಟಿದ್ದ ಸ್ಕೂಟರೊಂದು ಬೆಲ್ಟ್ ಹರಿದು ಹೆಬ್ಬೂರಿನ ಆಚೆ ನಿಂತಿತು. ಯಾರಿಗೂ ಗಾಯವಾಗಿಲ್ಲ. ಹಿಂದೆ ಕೂತಿದ್ದವಳು ನನ್ನ ಹೆಂಡತಿ ಸುಮಿತ್ರ. ಸ್ಕೂಟರ್ ರಿಪೇರಿ ಮಾಡಿದ್ದವನು ನಾನು.

ಹಿನ್ನೆಲೆ ಹೀಗಿದೆ. ಎಂಜಿನ್ನಿನ ಓಟವನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸುವ ರಬ್ಬರ್ ಬೆಲ್ಟು ಹಳೆಯದಾಗಿತ್ತು. ಯುಗಾದಿ ರಜೆಯಲ್ಲಿ ಅದನ್ನು ನಾನೇ ಬದಲಾಯಿಸಿದೆ. ಮೊಬೈಲಿನಲ್ಲಿ ವಿಡಿಯೊ ಇರುವಾಗ ಮೆಕ್ಯಾನಿಕ್ ಯಾಕೆ? ಎಲ್ಲ ಬಿಚ್ಚಿ, ಎಲ್ಲ ಜೋಡಿಸಿದ ಮೇಲೆ ಕೆಳಗೆ ಹಾಸಿದ್ದ ಪೇಪರಿನ ಮೇಲೆ ಒಂದು ವಾಷರ್ ಮಾತ್ರ ಉಳಿಯಿತು. ಕಂಪನಿಯವರು ಒಂದು ಹೆಚ್ಚಿಗೇ ಹಾಕಿರುತ್ತಾರೆ ಎಂದು ತೀರ್ಮಾನಿಸಿದೆ. ಸ್ಕೂಟರ್ ಸ್ಟಾರ್ಟ್ ಆಯಿತು. ಇನ್ನೇನು ಸಾಕ್ಷಿ ಬೇಕು! ಒಳ್ಳೆಯ ವಾಷರ್ ದಂಡವಾಗಬಾರದೆಂದು, ಫ್ಯಾನ್ ಗಾಳಿಗೆ ಪಟಪಟ ಹಾರುತ್ತಿದ್ದ ಕ್ಯಾಲೆಂಡರಿನ ತುದಿಗೆ ಭಾರಕ್ಕಾಗಿ ಕಟ್ಟಿದೆ.

ಆಷಾಢದ ಹೊತ್ತಿಗೆ ಸ್ಕೂಟರ್ ಗೊರಗೊರ ಎನ್ನತೊಡಗಿತು. ಮುಚ್ಚಳ ತೆಗೆದೆ. ಹೊಸ ಬೆಲ್ಟು ಎಡ ಅಂಚಿನಲ್ಲಿ ಮಾತ್ರ ಸವೆದು ನಾರು ಬಿಟ್ಟಿತ್ತು. ಬಲ ಅಂಚು ಮದುಮಗನಂತೆ ಮಿರುಗುತ್ತಿತ್ತು.

ಪಕ್ಕದ ಮನೆಯ ರುದ್ರಣ್ಣನನ್ನು ಕರೆದೆ. ಅವನು ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಬೆಲ್ಟಿನ ಮೇಲೆ ಸಾಗಿ ಬರುವ ಡಬ್ಬಗಳಿಗೆ ಚೀಟಿ ಅಂಟಿಸುತ್ತಾನೆ. ಆದ್ದರಿಂದ ನಮ್ಮ ಬೀದಿಗೆ ಅವನೇ ಬೆಲ್ಟ್ ತಜ್ಞ.

"ಒಂದ್ ಕಡೆ ಭಾರ ಬಿದ್ರೆ ಒಂದ್ ಕಡೆನೇ ಸವೀತದೆ ಸಾರ್. ಚಪ್ಲಿ ನೋಡಿಲ್ವಾ?" ಎಂದ.

ಇಬ್ಬರೂ ಒಟ್ಟಿಗೆ ಅಡುಗೆಮನೆಯ ಕಡೆ ನೋಡಿದೆವು. ಸುಮಿತ್ರ ಸೀರೆ ಉಡುವವಳು, ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಕೂರುವವಳು. ಬೆಲ್ಟಿನ ಪೆಟ್ಟಿಗೆಯೂ ಎಡಕ್ಕೇ ಇದೆ. ಪ್ರಕರಣ ಬಯಲಾಯಿತು!

ಆದರೂ ಒಂದೇ ಮೂಲ ನಂಬಿ ಸುದ್ದಿ ಬರೆಯಬೇಡಿ ಎಂದು ಪತ್ರಿಕೆಯ ಡೆಸ್ಕಿನಲ್ಲಿ ದಿನವೂ ಬೋಧಿಸುವವನು ನಾನು. ಒಬ್ಬನೇ ಗುಬ್ಬಿಗೆ ಹೋಗಿ ಬಂದು ಮತ್ತೆ ಮುಚ್ಚಳ ತೆಗೆದೆ. ಸವೆತ ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ. ಅಷ್ಟು ದೂರಕ್ಕೆ ಯಾವ ಬೆಲ್ಟೂ ಕಣ್ಣಿಗೆ ಕಾಣುವಷ್ಟು ಸವೆಯುವುದಿಲ್ಲ ಎಂಬುದು ತಲೆಗೆ ಹೊಳೆಯಲಿಲ್ಲ. ತಲೆ ಆಗಲೇ ತೀರ್ಪು ಬರೆಯುತ್ತಿತ್ತು.

"ಇನ್ಮೇಲೆ ಬಲಗಡೆ ಕಾಲು ಹಾಕಿ ಕೂತ್ಕೋ. ಬೆಲ್ಟ್ ಸಮ ಆಗುತ್ತೆ," ಎಂದೆ.

"ಬೆಲ್ಟ್ ಸವೆಯೋಕೆ ನಾನು ಕಾರಣಾನಾ?"

"ನೀನಲ್ಲ ಕಣೇ. ನಿನ್ನ ಭಾರ."

ಈ ಸ್ಪಷ್ಟೀಕರಣ ನೀಡಬಾರದಿತ್ತು.

"ನೋಡ್ರೀ, ಭಾನುವಾರ ಕುಣಿಗಲ್‌ನಲ್ಲಿ ನನ್ ತಂಗಿ ಮಗಳ ಸೀಮಂತ. ದೊಡ್ಡಮ್ಮ ಅಂತ ಮೊದಲ ಮಡಿಲು ತುಂಬೋಳು ನಾನು. ಒಳ್ಳೆ ಗಳಿಗೆ ಮೀರಿದ್ರೆ ಬೇರೆಯವ್ರು ತುಂಬ್ತಾರೆ. ಬಸ್ಸಲ್ಲಿ ಹೋಗಣ."

"ಸ್ಕೂಟರ್ ಇರೋವಾಗ ಬಸ್ಸೇ!"

ಭಾನುವಾರ ಅವಳು ಹಸಿರು ಬಳೆಯ ಚೀಲವನ್ನು ಎದೆಗವಚಿಕೊಂಡು, ಬಲಕ್ಕೆ ಕಾಲು ಚಾಚಿ, ಎದುರಿಗೆ ಬರುವ ಲಾರಿಗಳನ್ನು ಮುಖಾಮುಖಿ ನೋಡುತ್ತ ಕೂತಳು. ಬೈಕಿನವನೊಬ್ಬ ನಿಧಾನಿಸಿ, "ಯಜಮಾನ್ರೇ, ಅಮ್ಮೋರನ್ನ ತಿರುವುಮುರುವು ಕೂರ್ಸಿದ್ದೀರಲ್ಲ!" ಎಂದ. ಅಜ್ಞಾನಿಗಳೊಂದಿಗೆ ವಾದ ಬೇಡವೆಂದು ಮುಂದೆ ಹೋದೆ.

ಹೆಬ್ಬೂರು ದಾಟಿದ ಮೇಲೆ 'ಫಟ್' ಎಂದಿತು. ಎಂಜಿನ್ ಕೂಗುತ್ತಿತ್ತು. ಚಕ್ರಕ್ಕೆ ಸುದ್ದಿ ಮುಟ್ಟುತ್ತಿರಲಿಲ್ಲ.

ಸುಮಿತ್ರ ಇಳಿದಳು. "ಈಗ ಯಾವ ಕಡೆ ಕೂರ್ಲಿ?"

ಅಷ್ಟರಲ್ಲಿ ಎಳನೀರು ತುಂಬಿದ ಲಗೇಜ್ ಆಟೊ ಬಂತು. ಕೈ ಅಡ್ಡ ಹಿಡಿದು ನಿಲ್ಲಿಸಿ, ಚೀಲ ಸಮೇತ ಡ್ರೈವರ್ ಪಕ್ಕ ಹತ್ತಿದಳು.

"ಯಜಮಾನ್ರು ಬರಲ್ವಾ ತಾಯಿ?" ಎಂದ ಡ್ರೈವರ್.

"ಅವ್ರನ್ನ ಬಿಡಣ್ಣ. ತನಿಖೆ ಬಾಕಿ ಇದೆ."

ಅವಳು ಗಳಿಗೆಗೆ ಸರಿಯಾಗಿ ಮುಟ್ಟಿ ಮೊದಲ ಮಡಿಲು ತುಂಬಿದಳು. ನಾನು ಸ್ಕೂಟರನ್ನು ಟೆಂಪೊಗೆ ಏರಿಸಿಕೊಂಡು ಬರುವಾಗ ಕೊನೆಯ ಪಂಕ್ತಿ ಕೂತಿತ್ತು. ನಾದಿನಿ ಎಲೆ ಹಿಡಿದು ಬಂದಳು.

"ಭಾವ, ಎಡಗಡೆ ಕೂರ್ತೀರೋ, ಬಲಗಡೆನೋ?"

ಇಡೀ ಪಂಕ್ತಿ ನಕ್ಕಿತು. ಸುದ್ದಿ ನನಗಿಂತ ಮೊದಲೇ ಕುಣಿಗಲ್ ತಲುಪಿತ್ತು.

ಮನೆಗೆ ಬಂದು ಸುಮಿತ್ರ ಹಾಲಿನ ಲೆಕ್ಕ ಗುರುತು ಹಾಕಲು ಕ್ಯಾಲೆಂಡರ್ ಎಳೆದಾಗ ವಾಷರ್ ಅವಳ ಕೈಗೆ ಬಡಿಯಿತು.

"ಇದು ಎಲ್ಲೀದು ರೀ?"

"ಸ್ಕೂಟರಿಂದು."

"ಒಳಗಿಂದಾ, ಹೊರಗಿಂದಾ?"

ಉತ್ತರಕ್ಕೆ ಕಾಲಾವಕಾಶ ಕೋರಿದೆ. ಆ ವಾಷರ್ ಇಲ್ಲದೆ, ಬೆಲ್ಟು ಸುತ್ತುವ ಮುಂದಿನ ಪುಲ್ಲಿ ಪಕ್ಕಕ್ಕೆ ಸರಿದಿತ್ತು. ಬೆಲ್ಟು ಓರೆಯಾಗಿ ಓಡಿ ಒಂದೇ ಅಂಚು ಸವೆಸಿಕೊಂಡಿತ್ತು. ಗುಬ್ಬಿ ಗೇಟಿನ ಗ್ಯಾರೇಜಿನಲ್ಲಿ ವಾಷರ್ ಮತ್ತು ಹೊಸ ಬೆಲ್ಟು ಎರಡನ್ನೂ ಹಾಕಿಸಿದೆವು. ರುದ್ರಣ್ಣ ಪ್ರತಿಕ್ರಿಯಿಸಿ, "ನಾನು ಹೇಳಿದ್ದು ಚಪ್ಲಿ ವಿಚಾರ ಸಾರ್. ನೀವು ತಿರುಚ್ಬುಟ್ರಿ," ಎಂದ.

"ನಿಮ್ಮ ಥಿಯರಿನ ಪೂರ್ತಿ ಟೆಸ್ಟ್ ಮಾಡೇ ಇಲ್ಲ," ಎಂದಳು ಸುಮಿತ್ರ, ಸ್ಕೂಟರಿನ ಕೀ ಕೈಗೆ ತೆಗೆದುಕೊಂಡು. "ನನಗಿಂತ ಭಾರ ಇರೋರು ಕೂತು ನೋಡ್ಬೇಕು."

ಅಂದಿನಿಂದ ಸ್ಕೂಟರ್ ಓಡಿಸುತ್ತಿರುವುದು ಅವಳು. ನಾನು ಹಿಂದೆ, ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಕೂರುತ್ತೇನೆ. ದೀಪಾವಳಿಗೆ ಮುಚ್ಚಳ ತೆಗೆದು ನೋಡಲಾಯಿತು. ಬೆಲ್ಟಿನ ಎರಡೂ ಅಂಚು ಸಮವಾಗಿವೆ.